ಕಮಲಾಪುರದ ನಾಯಿ, ಕಮಲಾಪುರದ ಕನ್ನಡಿ

ಹೋದ ಶ್ರಾವಣದಲ್ಲಿ ನಮ್ಮ ಮನೆಯ ನಾಯಿಮರಿ ಮೊದಲ ಸಲ ಕನ್ನಡಿ ನೋಡಿ ಬೊಗಳಿದಾಗ, ನಮ್ಮ ಅತ್ತೆ ಮಂಚ ಬಿಟ್ಟು ಏಳದೆಯೇ ತೀರ್ಪು ಕೊಟ್ಟರು.

"ಕನ್ನಡಿ ಕಮಲಾಪುರದ್ದು, ನಾಯಿ ಕಮಲಾಪುರದ್ದು. ಇದು ತವರಮನಿಯವರ ಜಗಳ ಅದ. ನಾವ್ಯಾಕ ನಡುವ ಹೋಗೋದು?"

ಅತ್ತೆಗೆ ಆಗ ಎಪ್ಪತ್ತಾರು. ಎರಡೂ ಕಣ್ಣಿಗೆ ಪೊರೆ ಬಂದು, ಬಣ್ಣಗಳಷ್ಟೇ ಮಬ್ಬಾಗಿ ಕಾಣುತ್ತಿದ್ದವು. ಎದುರಿಗೆ ನಿಂತದ್ದು ಕಂಬವೋ ಮನುಷ್ಯರೋ ಎಂಬುದು ಮಾತಾಡಿಸಿದ ಮೇಲೆಯೇ ಗೊತ್ತಾಗುತ್ತಿತ್ತು. ನಾಲಿಗೆಗೆ ಮಾತ್ರ ಯಾವ ಪೊರೆಯೂ ಬಂದಿರಲಿಲ್ಲ. ಆಪರೇಷನ್ ಮಾಡಿಸೋಣ ಎಂದು ನಾವು ಎರಡು ವರ್ಷದಿಂದ ಹೇಳಿದ್ದೇ ಹೇಳಿದ್ದು. "ನೋಡೋದೇನು ಉಳದದ? ಮಗನ ಮಾರಿ ನೆನಪದ. ಸೊಸಿ ಮಾರಿ ಮರತ್ರ ಛಲೋನೇ ಆತು" ಎಂದು ಮಗ್ಗುಲಾಗುತ್ತಿದ್ದರು.

ಅವರು ಹೇಳಿದ್ದು ಸುಳ್ಳೇನಲ್ಲ. ಎರಡೂ ನನ್ನ ತವರಿನವೇ. ಕನ್ನಡಿ ಇರುವುದು ನನ್ನ ಮದುವೆಯಲ್ಲಿ ಕೊಟ್ಟ ಸಾಗವಾನಿ ಅಲಮಾರಿಯ ಬಾಗಿಲಿಗೆ. ಆಳೆತ್ತರದ ಕನ್ನಡಿ. ಅಲಮಾರಿಯನ್ನು ಟೆಂಪೋಕ್ಕೆ ಏರಿಸುವ ದಿನ ನನ್ನ ಅವ್ವ ಅದರ ಮುಂದೆ ನಿಂತು ಹಣೆಗೆ ಹೊಸ ಟಿಕಳಿ ಅಂಟಿಸಿಕೊಂಡಳು. ಹಳೆಯದನ್ನು ಬಿಸಾಡಲಿಲ್ಲ, ಕನ್ನಡಿಯ ಬಲಗಡೆಯ ಅಂಚಿಗೆ, ತನ್ನ ಹಣೆಯ ಎತ್ತರಕ್ಕೆ ಒತ್ತಿದಳು. "ನಾ ಇಲ್ಲೇ ಇದ್ದೀನಿ ಅಂತ ತಿಳಕೋ" ಎಂದಳು. ಆಮೇಲಿನ ಇಪ್ಪತ್ತಾರು ವರ್ಷ ದಿನಾ ಸಂಜೆ ಮುಖ ತೊಳೆಯುವಾಗ ನನ್ನ ಟಿಕಳಿಗಳನ್ನೂ ಅದರ ಕೆಳಗೆ ಅಂಟಿಸುತ್ತಾ ಬಂದೆ. ನನ್ನವು ಬಿದ್ದವು, ಸವೆದವು, ಬದಲಾದವು. ಅವ್ವ ತೀರಿಕೊಂಡಳು. ಅವಳ ಕಾವಿಗೆಂಪು ಟಿಕಳಿ ಮಾತ್ರ ಬಿದ್ದಿಲ್ಲ. ಇದನ್ನೂ ನಾನು ಶಿವನ ದಯೆಯ ಲೆಕ್ಕದಲ್ಲೇ ಹಿಡಿದಿದ್ದೇನೆ.

ನಾಯಿ ಬಂದದ್ದು ಕಳೆದ ಬೇಸಿಗೆಯಲ್ಲಿ. ಕಮಲಾಪುರಕ್ಕೆ ಹೋದಾಗ ಅಣ್ಣನ ತೋಟದಲ್ಲಿ ಒಂದು ನಾಯಿ ಮರಿ ಹಾಕಿತ್ತು. ಅದರಲ್ಲೊಂದು ಕಂದು ಬಣ್ಣದ ಹೆಣ್ಣುಮರಿ ನನ್ನ ಸೀರೆಯ ಅಂಚು ಹಿಡಿದದ್ದು ಬಿಡಲೇ ಇಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ಕೆಂಪು ಬಾಳೆಹಣ್ಣಿನ ಬುಟ್ಟಿ ಕಟ್ಟುತ್ತಿದ್ದಳು. ನಾನು ಹಣ್ಣುಗಳನ್ನು ಒಂದು ಕಡೆಗೆ ಸರಿಸಿ ಮರಿಯನ್ನು ಇನ್ನೊಂದು ಕಡೆಗೆ ಕೂಡಿಸಿ, ಮೇಲೆ ಟವೆಲ್ ಹೊದಿಸಿ ಬಸ್ಸು ಹತ್ತಿದೆ.

"ಬುಟ್ಟ್ಯಾಗ ಏನದ ಅಕ್ಕಾರ?" ಎಂದು ಕಂಡಕ್ಟರ್ ಕೇಳಿದ.

"ಬಾಳೆಹಣ್ಣು ರೀ."

ಬುಟ್ಟಿ ಕುಂಯ್ ಎಂದಿತು.

"ನಿಮ್ಮ ಬಾಳೆಹಣ್ಣು ಅಳಾಕತ್ತಾವಲ್ರಿ!" ಎಂದ ಆತ. ಬಸ್ಸೆಲ್ಲ ನಕ್ಕಿತು. ಪಾಪ, ಒಳ್ಳೆಯ ಮನುಷ್ಯ, ಕೆಳಗಿಳಿಸಲಿಲ್ಲ. ಅವತ್ತು ಸಂಜೆ ಪೂಜೆಗೆ ಕೂತಾಗ, ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಬಾಳೆಹಣ್ಣೂ ಇದ್ದವು ಎಂದು ಶಿವನಿಗೆ ಒಪ್ಪಿಸಿದೆ. ಅವನಿಗೆ ಇಂಥ ವಕಾಲತ್ತು ಕೇಳಿ ರೂಢಿ ಇರಬೇಕು.

ಅತ್ತೆ ಮರಿಗೆ ಬೇರೆ ಹೆಸರಿಡಲು ಬಿಡಲಿಲ್ಲ. "ಕಮಲಾಪುರದಾಕಿ" ಎಂದರು. ನನ್ನನ್ನೂ ಮದುವೆಯಾದ ದಿನದಿಂದ ಹಾಗೆಯೇ ಕರೆಯುತ್ತಾರೆ. ಹೀಗಾಗಿ ಅವರು "ಏ ಕಮಲಾಪುರದಾಕಿ" ಎಂದರೆ ಅಡುಗೆಮನೆಯಿಂದ ನಾನೂ ಹಿತ್ತಲಿಂದ ಅದೂ ಓಡಿಬರುತ್ತಿದ್ದೆವು. ಮೊದಲು ಮುಟ್ಟುತ್ತಿದ್ದುದು ಅದೇ.

ಮರಿ ನೆಲದಿಂದ ಒಂದು ಗೇಣು ಇರುವವರೆಗೆ ಎಲ್ಲ ಸುಖವಾಗಿತ್ತು. ಮಲಗುವ ಕೋಣೆಯ ಹೊಸ್ತಿಲು ದಾಟುವಷ್ಟು ಬೆಳೆದ ದಿನ ಅಲಮಾರಿಯ ಮುಂದೆ ಹೋಗಿ ನಿಂತಿತು. ಒಳಗೊಂದು ಕಂದು ನಾಯಿ. ಇದು ಬಾಲ ಎತ್ತಿತು, ಅದೂ ಎತ್ತಿತು. ಇದು ಮುಂಗಾಲು ಬಗ್ಗಿಸಿ ಆಟಕ್ಕೆ ಕರೆಯಿತು, ಅದೂ ಕರೆಯಿತು. ಹತ್ತಿರ ಹೋಗಿ ಮೂಗಿಟ್ಟು ಮೂಸಿತು. ಅಲ್ಲಿಂದ ಶುರುವಾಯಿತು ನೋಡಿ ಬೊಗಳುವುದು. ಒಂದು ದಿನವಲ್ಲ, ಎರಡು ದಿನವಲ್ಲ. ನಾನು ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಾಗಲೇ ಬೊಗಳಬೇಕು. ಪೂಜೆ ಮುಗಿಯುವತನಕ ನಾನು ಮಾತಾಡುವುದಿಲ್ಲ, ಹಿಂದೆ ತಿರುಗಿಯೂ ನೋಡುವುದಿಲ್ಲ. ಅದು ಗೊತ್ತಿದ್ದೇ ಅತ್ತೆ ಹೊರಗಿನಿಂದ ಕೇಳುತ್ತಿದ್ದರು: "ಏನವಾ, ನಿಮ್ಮ ಪೈಕಿ ಇನ್ನೂ ರಾಜಿ ಆಗಿಲ್ಲೇನು?"

ಅತ್ತೆಯದು ತಮಾಷೆ. ನಮ್ಮ ಮನೆಯವರದು ತಮಾಷೆ ಆಗಿರಲಿಲ್ಲ. ಅವರು ಆಫೀಸಿಗೆ ಹೊರಡುವ ಮೊದಲು ಅದೇ ಕನ್ನಡಿಯ ಮುಂದೆ ನಿಂತು ತಲೆ ಬಾಚುತ್ತಾರೆ. ಬಾಚಲು ಅಲ್ಲಿ ಬಹಳವೇನೂ ಉಳಿದಿಲ್ಲ. ಇದ್ದ ಕೂದಲನ್ನೇ ಎಡಗಿವಿಯಿಂದ ಬಲಗಿವಿಗೆ ಎಚ್ಚರಿಕೆಯಿಂದ ದಾಟಿಸಬೇಕು, ಅದಕ್ಕೆ ಶಾಂತಿ ಬೇಕು. ಸರಿಯಾಗಿ ಆ ಹೊತ್ತಿಗೆ ಇವಳು ಅವರ ಕಾಲ ಸಂದಿಯಲ್ಲಿ ನುಗ್ಗಿ ಬೊಗಳುತ್ತಿದ್ದಳು.

"ನಾ ತಲಿ ಬಾಚಿಕೊಂಡ್ರ ಇದಕ್ಕೇನು ತ್ರಾಸ?" ಎಂದು ಅವರು ನನ್ನ ಮೇಲೆ ಏರಿಬಂದರು.

"ನಿಮಗಲ್ಲ ರೀ ಅದು ಬೊಗಳೋದು. ಒಳಗಿನ ನಾಯಿಗೆ."

"ಒಳಗ ನಾಯಿ ಜೋಡಿ ನಾನೂ ಇದ್ದೀನಲ್ಲ!"

ಉಪಾಯಗಳನ್ನು ನಾನು ಮಾಡದೆ ಇರಲಿಲ್ಲ. ಮೊದಲು ಚಾದರ ಹೊದಿಸಿದೆ. ಎಳೆದು ಕೆಡವಿ, ಚಾದರವನ್ನು ಬಾಯಲ್ಲಿ ಕಚ್ಚಿಕೊಂಡೇ ಬೊಗಳಿತು. ಆಮೇಲೆ ನನ್ನ ಬುದ್ಧಿಗೆ ಇನ್ನೊಂದು ಹೊಳೆಯಿತು. ನಮ್ಮ ಓಣಿಯ ಮೂಲೆಯ ಗೋಡೆಗೆ ಗಂಡಸರು ನಿಂತು ಹೊಲಸು ಮಾಡುತ್ತಾರೆಂದು ಯಾರೋ ದೇವರ ಚಿತ್ರದ ಟೈಲ್ಸ್ ಕೂಡಿಸಿದ್ದರು. ಅಂದಿನಿಂದ ಆ ಗೋಡೆ ಸ್ವಚ್ಛ. ಗಂಡಸರನ್ನು ತಡೆದ ದೇವರಿಗೆ ಒಂದು ಮರಿ ಯಾವ ದೊಡ್ಡದು ಎಂದುಕೊಂಡು, ಹಳೆಯ ಕ್ಯಾಲೆಂಡರಿನ ಶಿವನ ಚಿತ್ರ ಕತ್ತರಿಸಿ ಕನ್ನಡಿಯ ತಳಕ್ಕೆ, ನಾಯಿಯ ಎತ್ತರಕ್ಕೆ ಅಂಟಿಸಿದೆ. ಅಂಟಿಸಿ ಸುಮ್ಮನಿರಬೇಕಿತ್ತು. ಬೀಗುತ್ತಾ ಅತ್ತೆಗೆ ಹೇಳಿದೆ.

"ಶಿವನ್ನ ಕಾಲಾಗ ಕುಂದರಿಸೀಯೇನವಾ? ದಿನಾ ತಾಸುಗಟ್ಟಲೆ ಪೂಜಿ ಮಾಡಾಕಿ ನೀನು!"

ನಾನು ಕೆನ್ನೆ ಬಡಿದುಕೊಂಡು ಕಿತ್ತು ಮೇಲಕ್ಕೆ ಅಂಟಿಸಿದೆ. ಅದು ಸರಿಯಾಗಿ ಮನೆಯವರ ಮುಖದ ಎತ್ತರಕ್ಕೆ ಬಂತು. ಮೂರು ದಿನ ಅವರು ಮೊಣಕಾಲು ಬಗ್ಗಿಸಿ, ಶಿವನ ಪಾದದ ಕೆಳಗೆ ತಲೆ ಬಾಚಿದರು. ಆ ಮೂರು ದಿನ ಅವರಷ್ಟು ವಿನಯವಂತರು ಕಲಬುರಗಿಯಲ್ಲಿ ಇನ್ನೊಬ್ಬರಿರಲಿಲ್ಲ. ನಾಯಿ ಎಂದಿನಂತೆ ಬೊಗಳುತ್ತಿತ್ತು.

ನಾಲ್ಕನೆಯ ದಿನ ಚಿತ್ರ ಬಿಡಿಸಿ ನನ್ನ ಕೈಗಿಟ್ಟು, ಸೊಂಟ ಹಿಡಿದುಕೊಂಡೇ ಹೇಳಿದರು: "ನೋಡು, ಅಮಾಸಿ ತನಕ ತಡೀತೀನಿ. ಅಷ್ಟರಾಗ ಒಂದು ಕನ್ನಡಿ ತೆಗಸು, ಇಲ್ಲ ಅದನ್ನ ಬುಟ್ಟ್ಯಾಗ ಹಾಕಿ ನಿಮ್ಮ ಅಣ್ಣನ ತೋಟಕ್ಕ ಬಿಟ್ಟು ಬಾ. ಎರಡೂ ನಡಿಯಂಗಿಲ್ಲ."

ಅವರು ಎಂದೂ ಗಟ್ಟಿಯಾಗಿ ಮಾತಾಡುವವರಲ್ಲ. ಅದಕ್ಕೇ ಈ ಮಾತು ನಿಜವೆಂದು ಗೊತ್ತಾಯಿತು. ಅಮಾವಾಸ್ಯೆಗೆ ಒಂಬತ್ತು ದಿನ ಉಳಿದಿತ್ತು.

ಒಂದು ನಾಯಿಗೆ ಇಷ್ಟೇಕೆ ಎಂದು ಓದುವವರಿಗೆ ಅನಿಸಬಹುದು. ಇಷ್ಟು ವರ್ಷದಲ್ಲಿ ನಾನು ಪೇಟೆಯಿಂದ ಬಂದರೆ ಈ ಮನೆಯಲ್ಲಿ ಯಾರೂ ಕೂತಲ್ಲಿಂದ ಎದ್ದದ್ದಿಲ್ಲ. ತಪ್ಪು ಎನ್ನುತ್ತಿಲ್ಲ, ಯಾರ ಮನೆಯಲ್ಲೂ ಏಳುವುದಿಲ್ಲ. ಆದರೆ ಈ ಮರಿ, ನಾನು ಜಗತ್ ಸರ್ಕಲ್ಲಿನ ಪೇಟೆಯಿಂದ ಕೊತ್ತಂಬರಿ ಕಟ್ಟು ತಂದರೂ ಕಾಶಿಯಾತ್ರೆ ಮುಗಿಸಿ ಬಂದವಳನ್ನು ಎದುರುಗೊಳ್ಳುವ ಹಾಗೆ ಗೇಟಿನವರೆಗೆ ಓಡಿಬರುತ್ತಿತ್ತು. ಈ ವಯಸ್ಸಿಗೆ ಅದು ಸಣ್ಣ ಪುಣ್ಯವಲ್ಲ.

ಇತ್ತ ಮರಿ, ಅತ್ತ ಅವ್ವನ ಟಿಕಳಿ. ಎರಡು ದಿನ ಪೂಜೆಯಲ್ಲಿ ಕೂತು ಕೇಳಿದೆ. ಶಿವ ಮಾತಾಡುವುದಿಲ್ಲ, ಆದರೆ ಕೇಳಿ ಮುಗಿಸುವಷ್ಟರಲ್ಲಿ ನಮಗೇ ಗೊತ್ತಾಗಿರುತ್ತದೆ. ಟಿಕಳಿಗೆ ಹಸಿವೆಯಿಲ್ಲ, ಮರಿಗಿದೆ. ಕನ್ನಡಿ ತೆಗೆಸಿ ಅಲ್ಲಿ ಪ್ಲೈವುಡ್ ಹಾಕಿಸುವುದೆಂದು ನಿಶ್ಚಯಿಸಿ, ಮೋಮಿನಪುರದಲ್ಲಿ ಗಾಜು ಕತ್ತರಿಸುವ ಅಂಗಡಿಯ ಚಾಚಾನಿಗೆ ಹೇಳಿ ಬಂದೆ. ಸೋಮವಾರ ಮಧ್ಯಾಹ್ನ ಮೂರಕ್ಕೆ ಬರುತ್ತೇನೆಂದರು.

ಅದು ಶ್ರಾವಣದ ಕೊನೆಯ ಸೋಮವಾರ. ಪ್ರತಿ ವರ್ಷ ಆ ದಿನ ನಮ್ಮಲ್ಲಿ ಐನೋರು ಊಟಕ್ಕೆ ಬರುತ್ತಾರೆ. ಜಂಗಮರು ಹೊಸ್ತಿಲು ದಾಟುವ ಹೊತ್ತಿಗೆ ಎದುರುಗೊಂಡು, ಶರಣು ಮಾಡಿ, ಪಾದಕ್ಕೆ ನೀರು ಕೊಡುವ ಹಕ್ಕು ಮನೆಯ ಹಿರಿಯಳಾದ ಅತ್ತೆಯದು. ಕಣ್ಣು ಹೋದ ಮೇಲೂ ಅದನ್ನು ಅವರು ನನಗೆ ಬಿಟ್ಟುಕೊಟ್ಟಿಲ್ಲ. ನಾನು ನಸುಕಿನಲ್ಲೇ ಎದ್ದು ಗೋಧಿಹುಗ್ಗಿಗೆ ಇಟ್ಟಿದ್ದೆ.

ಮೂರಕ್ಕೆ ಬರಬೇಕಾದ ಚಾಚಾ ಹತ್ತಕ್ಕೇ ಬಂದರು. "ಮಧ್ಯಾಹ್ನ ಕೋಟನೂರಿನ್ಯಾಗ ಕೆಲಸ ಬಂತು ಅಕ್ಕಾರ. ಇದು ದಸ್ ಮಿನಿಟ್ ಕಾ ಕಾಮ್" ಎಂದು ಚೀಲ ಇಳಿಸಿದರು. ಬಂದವರನ್ನು ಹಿಂದಕ್ಕೆ ಕಳಿಸುವುದು ಹೇಗೆ? ಕಟ್ಟಿಗೆಯ ಪಟ್ಟಿ ಬಿಚ್ಚಿ ಕನ್ನಡಿಯನ್ನು ಹೊರತೆಗೆದರು. ಕೋಣೆಯಲ್ಲಿ ಜಾಗ ಸಾಲದೆಂದು ಪಡಸಾಲೆಗೆ ತಂದು ನಟ್ಟನಡುವೆ ಒಂದು ಕುರ್ಚಿಗೆ ಒರಗಿಸಿ, ಪ್ಲೈವುಡ್ ತರಲು ಗಾಡಿಯ ಕಡೆಗೆ ಹೋದರು. ನಾನು ಹುಗ್ಗಿ ತಳ ಹಿಡಿಯುತ್ತದೆಂದು ಒಳಗೆ ಓಡಿದೆ.

ಅಷ್ಟರಲ್ಲಿ ಅತ್ತೆ ಸ್ನಾನ ಮುಗಿಸಿ ಬಂದರು. ಶ್ರೀಶೈಲಕ್ಕೆ ಹೋಗಿ ಬಂದಾಗಿನಿಂದ ಸೋಮವಾರ ಅವರು ಉಡುವುದು ಕಾವಿ ಬಣ್ಣದ ಸೀರೆ. ತಲೆಯ ಮೇಲೆ ಸೆರಗು, ಹಣೆಗೆ ದಪ್ಪನೆಯ ಮೂರು ಪಟ್ಟಿ ವಿಭೂತಿ. ಹಿಂದೆ ಬಾಲದಂತೆ ಮರಿ. ಪಡಸಾಲೆಗೆ ಬಂದವರು ಗಕ್ಕನೆ ನಿಂತರು. ನಾನು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೇನೆ, ಕೈಯಲ್ಲಿ ಸೌಟು.

"ಯಪ್ಪಾ, ಶರಣಾರ್ಥಿ! ಬಂದ್ರೇನ್ರೀ? ನಿಂತೇ ಇದ್ದೀರಲ್ರೀ!" ಎಂದು ಕೈ ಮುಗಿದರು.

ಎದುರಿನ ಕಾವಿಯೂ ಕೈ ಮುಗಿಯಿತು.

ಅತ್ತೆ ಗಾಬರಿಯಾದರು. "ಅಯ್ಯಯ್ಯ, ನೀವು ಕೈ ಮುಗೀಬ್ಯಾಡ್ರೀ, ನನಗ ಪಾಪ ಬರ್ತದ" ಎಂದು ಇನ್ನಷ್ಟು ಬಾಗಿದರು. ಐನೋರೂ ಅಷ್ಟೇ ಬಾಗಿದರು. ಅತ್ತೆ ಸೊಂಟ ನೋಯುವಷ್ಟು ಬಾಗಿದರು. ಐನೋರು ಸೋಲಲಿಲ್ಲ.

ನಾನು ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ, ನಗು ಬಂದು ಸೆರಗು ತುರುಕಿಕೊಂಡೆ. ಶ್ರಾವಣ ಸೋಮವಾರ ಅತ್ತೆಯನ್ನು ನೋಡಿ ನಕ್ಕದ್ದಕ್ಕೆ ನಾನು ಆಮೇಲೆ ತಪ್ಪು ಒಪ್ಪಿಕೊಂಡಿದ್ದೇನೆ.

ಆಗ ಮರಿ ಮುಂದೆ ಬಂತು. ತನ್ನ ಹಳೆಯ ವೈರಿಯನ್ನು ಕಂಡು ಬೊಗಳಿತು.

"ಏ, ಸುಮ್ಕಿರು! ಐನೋರು ತಮ್ಮ ನಾಯಿನೂ ಕರಕೊಂಡು ಬಂದಾರ" ಎಂದು ಅತ್ತೆ ಗದರಿದರು. "ಕಮಲಾಪುರದಾಕೀ, ಪಾದಕ್ಕ ನೀರು ತಗೊಂಬಾರ!"

ಚಾಚಾ ಆಗಲೇ ಪ್ಲೈವುಡ್ ಹೊತ್ತು ಬಾಗಿಲಿಗೆ ಬಂದಿದ್ದರು. ನಾನು ಸೌಟಿನಿಂದ ಸುಮ್ಮನಿರಿ ಎಂದು ಸನ್ನೆ ಮಾಡಿದೆ. ಏಕೆಂದರೆ ಮರಿ ಅಂದು ಹೊಸದೊಂದು ಕೆಲಸಕ್ಕೆ ಇಳಿದಿತ್ತು. ಗಾಜಿಗೆ ಮೂಗಿಟ್ಟು ಮೂಸಿತು. ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು. ಕನ್ನಡಿಯ ಅಂಚು ಮೂಸಿತು. ಅಲಮಾರಿಯಲ್ಲಿ ಇದ್ದಷ್ಟು ದಿನ ಆ ಕನ್ನಡಿಗೆ ಹಿಂಬದಿ ಎಂಬುದೇ ಇರಲಿಲ್ಲ. ಇವತ್ತು ಇತ್ತು. ಮರಿ ಮೆಲ್ಲಗೆ ಹಿಂದಕ್ಕೆ ನುಸುಳಿ, ಕುರ್ಚಿಯ ಕಾಲು ಮೂಸಿ, ನೆಲ ಮೂಸಿ, ಆ ಕಡೆಯಿಂದ ಹೊರಗೆ ಬಂತು. ಇನ್ನೊಂದು ಸುತ್ತು ಹಾಕಿತು. ಬಂದು ಕನ್ನಡಿಗೆ ಬೆನ್ನು ಹಾಕಿ ಕೂತು ಕಿವಿ ಕೆರೆದುಕೊಂಡಿತು.

"ಮುಗೀತು ಅದರ ತಪಾಸ" ಎಂದರು ಚಾಚಾ.

"ಯಾರವರು? ಐನೋರ ಜೋಡಿ ಬಂದೀರೇನು?" ಎಂದು ಅತ್ತೆ ಅತ್ತ ತಿರುಗಿದರು.

"ನಾ ಗಾಜಿನವಾ, ಆಯಿ. ಐನೋರು ಇನ್ನೂ ಬಂದಿಲ್ಲ."

ಅತ್ತೆ ಕೈ ಚಾಚಿ ಮುಂದೆ ಹೋದರು. ಬೆರಳಿಗೆ ತಣ್ಣನೆಯ ಗಾಜು ತಾಗಿತು. ಸವರುತ್ತಾ ಬಲಗಡೆಯ ಅಂಚಿಗೆ ಬಂದರು, ಅಲ್ಲಿ ನನ್ನ ಟಿಕಳಿಗಳ ಸಾಲು. ಒಂದೊಂದನ್ನೇ ಮುಟ್ಟಿ ಎಲ್ಲಕ್ಕಿಂತ ಮೇಲಿನದರ ಮೇಲೆ ಬೆರಳು ನಿಲ್ಲಿಸಿದರು.

"ಇದು ನಿಮ್ಮವ್ವಂದಲ್ಲೇನು?"

"ಹೌದ್ರೀ ಅತ್ತಿ." ನನಗೆ ನಗು ನಿಂತುಹೋಯಿತು. ಅದು ಅವ್ವನದೆಂದು ನಾನು ಯಾರಿಗೂ ಹೇಳಿರಲಿಲ್ಲ. ಕಣ್ಣಿದ್ದಾಗ ಅವರು ನೋಡಿದ್ದರು, ನೋಡಿ ಸುಮ್ಮನಿದ್ದರು.

"ಇದನ್ನ್ಯಾಕ ಕಿತ್ತಿ?"

ಹೇಳಿದೆ. ಅಮಾವಾಸ್ಯೆಯ ಗಡುವು, ಮರಿ, ಎಲ್ಲ. ಅತ್ತೆ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಕೇಳಿದರು. ಆಮೇಲೆ ಚಾಚಾನ ಕಡೆಗೆ ತಿರುಗಿ, "ಏನಪ್ಪಾ, ನೀ ಕನ್ನಡಿ ಮಾರಾವ. ಈ ನಾಯಿ ಎದಕ್ಕ ಹಂಗ ಬೊಗಳ್ತದ?" ಎಂದರು.

ಚಾಚಾ ಪ್ಲೈವುಡ್ ಕೆಳಗಿಟ್ಟರು. "ನಮ್ಮ ದುಕಾನಿನ ಮುಂದ ದಿನಾ ಇದೇ ತಮಾಷಾ, ಆಯಿ. ನಾಯಿಗಿ ಕಣ್ಣಂದ್ರ ಮೂಗು. ಯಾರರ ಬಂದ್ರ ಮೊದಲ ಮೂಸಿ ಗುರ್ತ ಹಿಡೀತದ. ಕನ್ನಡ್ಯಾಗಿನ ನಾಯಿ ನೋಡ್ರಿ, ಕುಣೀತದ, ಹಲ್ಲು ತೋರಸ್ತದ, ಖರೆ ವಾಸನೀನೇ ಇಲ್ಲ. ವಾಸನಿ ಇಲ್ಲದ ನಾಯಿ ಯಾವ ನಾಯಿ? ಅದಕ್ಕ ಸಿಟ್ಟು ಬರ್ತದ, ಹೆದರಿಕೀನೂ ಬರ್ತದ. ಅದು ತಾನೇ ಅಂತ ಅದಕ್ಕ ತಿಳಿಯಂಗಿಲ್ಲ. ಮರಿ ಇದ್ದಾಗ ನಾಕು ದಿನ ಗದ್ಲ ಮಾಡ್ತದ, ಆಮ್ಯಾಲ ಇದು ಬ್ಯಾಕಾರ್ ಅಂತ ಬಿಟ್ಟು ಹೋಗ್ತದ. ನೀವು ಬೈದಷ್ಟೂ, ನಕ್ಕಷ್ಟೂ ಜಾಸ್ತಿ ಮಾಡ್ತದ."

"ಮತ್ತ ಮನಶಾರು?" ಎಂದು ನಾನು ಕೇಳಿದೆ.

"ಮನಶಾರು ಬಿಟ್ಟು ಹೋಗಂಗಿಲ್ಲ ಅಕ್ಕಾರ. ಅದಕ್ಕೇ ನಮ್ಮ ಧಂಧಾ ನಡದದ."

ಅತ್ತೆ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. "ನಾ ಎಪ್ಪತ್ತಾರು ವರ್ಷದಾಕಿ, ನಾನೇ ಶರಣು ಮಾಡೀನಿ. ಅದು ನಾಕು ತಿಂಗಳ ಕೂಸು, ಬೊಗಳಿದ್ರ ತಪ್ಪೇನು? ಅದರ ಹಿಂದ ಹೋಗಿ ನೋಡಬೇಕಂತ ನನಗ ಹೊಳೀಲೇ ಇಲ್ಲ, ಅದಕ್ಕ ಹೊಳೀತು. ಹಾಕಪ್ಪಾ, ಕನ್ನಡಿ ಇದ್ದಲ್ಲೇ ಹಾಕು. ನನ್ನ ಮಗ ಕೇಳಿದ್ರ ನನ್ನ ಹತ್ರ ಕಳಸು."

ಚಾಚಾ ಪಟ್ಟಿ ಕೂಡಿಸುವಷ್ಟರಲ್ಲಿ ನಿಜವಾದ ಐನೋರು ಬಂದರು. ಕಾವಿ, ಮೂರು ಪಟ್ಟಿ ವಿಭೂತಿ, ಹೊಸ್ತಿಲ ಮೇಲೆ ಪಾದ. ನಾನು ತಂಬಿಗೆ ಹಿಡಿದು ನಿಂತೆ. ಅತ್ತೆ ಕೈ ಮುಗಿಯಲಿಲ್ಲ.

"ಮೊದಲ ನೀವು ಮಾತಾಡ್ರೀ" ಎಂದರು.

ಐನೋರು ಕಕ್ಕಾಬಿಕ್ಕಿಯಾಗಿ ನನ್ನ ಕಡೆ ನೋಡಿದರು. "ಏನಾತವ್ವಾ, ನಾನು ಹೋದ ವರ್ಷನೂ ಬಂದಿದ್ದೆನಲ್ಲ?"

ಮರಿ ಹೋಗಿ ಅವರ ಪಾದ ಮೂಸಿ ಬಾಲ ಅಲ್ಲಾಡಿಸಿತು. ಅತ್ತೆಗೆ ಅಷ್ಟೇ ಬೇಕಿತ್ತು. "ಈಗ ಖರೆ" ಎಂದು ಎರಡೂ ಕೈ ಎತ್ತಿ ಶರಣು ಮಾಡಿದರು. ಕಥೆ ಕೇಳಿದ ಐನೋರು ಅಂದು ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡರು. ಚಾಚಾ ಒಂದು ಡಬ್ಬಿ ಕಟ್ಟಿಸಿಕೊಂಡು ಕೋಟನೂರಿಗೆ ಹೋದರು.

ಸಂಜೆ ಮನೆಯವರು ಬಂದು ನೋಡಿದರೆ ಕನ್ನಡಿಯೂ ಇದೆ, ನಾಯಿಯೂ ಇದೆ. "ಇದೇನು?" ಎಂದರು.

"ಅಮಾಸಿ ಇನ್ನೂ ಮೂರು ದಿನ ಅದ. ಅಲ್ಲೀತನಕ ಬೊಗಳಿದ್ರ ಅದರ ಜೋಡಿ ನನ್ನೂ ಕಮಲಾಪುರಕ್ಕ ಬಿಟ್ಟು ಬಾ" ಎಂದರು ಅತ್ತೆ.

ಆ ಮೂರು ದಿನ ನಾನು ಲಿಂಗ ಹಿಡಿದು ಕೂತಾಗ ಕಿವಿಯೆಲ್ಲ ಬೆನ್ನ ಹಿಂದೆಯೇ ಇತ್ತು. ಮೊದಲ ದಿನ ಒಂದು ಸಲ ವುಫ್ ಎಂದಿತು, ಹಳೆಯ ಚಟಕ್ಕೆ ಎಂಬಂತೆ. ಯಾರೂ ಬೈಯಲಿಲ್ಲ, ಯಾರೂ ನಗಲಿಲ್ಲ. ಎರಡನೆಯ ದಿನ ಕನ್ನಡಿಯ ಮುಂದಿನಿಂದಲೇ ನಡೆದುಹೋಯಿತು, ತಿರುಗಿಯೂ ನೋಡಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಮನೆಯವರು ತಲೆ ಬಾಚಲು ನಿಂತಾಗ ಅವರ ಪಾದದ ಮೇಲೆ ಗದ್ದ ಇಟ್ಟು ಮಲಗಿತ್ತು. ಅವರು ಕಾಲು ಕದಲಿಸದೆ, ಅರ್ಧ ತಾಸು ಬಾಚಿದರು. ಅಷ್ಟು ಹೊತ್ತು ಬಾಚಲು ಅಲ್ಲಿ ಏನಿತ್ತೋ ಶಿವನೇ ಬಲ್ಲ. ಆಫೀಸಿಗೆ ತಡವಾಯಿತು. ಬುಟ್ಟಿಯ ಮಾತು ಮತ್ತೆ ಬರಲಿಲ್ಲ.

ಅತ್ತೆ ತಾವಾಗಿಯೇ ದವಾಖಾನೆಗೆ ಹೊರಟಿದ್ದು ದಸರೆ ಮುಗಿದ ಮೇಲೆ. "ಮತ್ತೊಂದು ಶ್ರಾವಣಕ್ಕ ಯಾರ ಕಾಲಿಗಿ ಬೀಳ್ತೀನೋ ಏನೋ" ಎಂದರು. ಒಂದು ಕಣ್ಣು ಮೊದಲು, ತಿಂಗಳು ಬಿಟ್ಟು ಇನ್ನೊಂದು. ಎಲ್ಲ ಸುಸೂತ್ರವಾಯಿತು.

ಕಣ್ಣಿಗೆ ಹಾಕುವ ಔಷಧಿ ಮುಗಿದ ದಿನ ಅವರು ಒಬ್ಬರೇ ನನ್ನ ಕೋಣೆಗೆ ಹೋಗಿ ಅಲಮಾರಿಯ ಮುಂದೆ ನಿಂತರು. ನಾನು ಬಾಗಿಲ ಬಳಿ ಕೂತು ಬಟ್ಟೆ ಮಡಿಸುತ್ತಿದ್ದೆ. ಬಹಳ ಹೊತ್ತು ನೋಡಿದರು. ಕೆನ್ನೆ ಮುಟ್ಟಿಕೊಂಡರು. ಹಲ್ಲಿಲ್ಲದ ಬಾಯಿ ತೆರೆದು ಮುಚ್ಚಿದರು. ಒಳಗಿನವರೂ ಹಾಗೆಯೇ ಮಾಡಿದರು.

"ಯಾರ ಈ ಮುದುಕಿ?" ಎಂದು ಗದರಿದರು. ಇನ್ನೂ ಹತ್ತಿರ ಹೋಗಿ, "ನಾ ಹಿಂಗಿರಲೇ ಇಲ್ಲ. ಗಾಜಿನವಾ ಕನ್ನಡಿ ಬದಲಿ ಮಾಡ್ಯಾನ ನೋಡು" ಎಂದು ಜಗಳ ತೆಗೆದರು. ಮರಿ ಅವರ ಕಾಲ ಬಳಿ ಮಲಗಿತ್ತು. ಕನ್ನಡಿಯ ಕಡೆಗೊಮ್ಮೆ ನೋಡಿ ಆಕಳಿಸಿತು.

ಅತ್ತೆ ಕನ್ನಡಿಯಿಂದ ಕಣ್ಣು ತೆಗೆಯದೆ ಕೂಗಿದರು: "ಏ ಕಮಲಾಪುರದಾಕಿ, ಹಿಂದ ಹೋಗಿ ನೋಡಿ ಬಾ, ಯಾರರ ಅದಾರೇನು."

ನಾವಿಬ್ಬರೂ ಎದ್ದೆವು.